ಬಿಚ್ಚಿ ಜೋಡಿಸುವ .22 ರೈಫಲ್: ಯಾವುದನ್ನು ಆರಿಸಬೇಕು, ರೇಂಜಿನಲ್ಲಿ ಹೇಗೆ ಪರೀಕ್ಷಿಸಬೇಕು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಹೆಬ್ರಿಯ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಕೋವಿಗಳು ತಲೆಮಾರುಗಳಿಂದ ಇವೆ. ರೈಫಲ್‌ನ ಮಾತು ಬೇರೆ. ಅದರಲ್ಲೂ ಬ್ಯಾರೆಲ್ (ನಳಿಗೆ) ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ, ‘ಸರ್ವೈವಲ್ ರೈಫಲ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಟ್ಟ .22 (ನಳಿಗೆಯ ಒಳವ್ಯಾಸ ಸುಮಾರು 0.22 ಇಂಚು) ರೈಫಲ್‌ಗಳ ಬಗ್ಗೆ ಇಲ್ಲಿ ಕುತೂಹಲ ಹೆಚ್ಚು, ಬಳಕೆಯ ಅನುಭವ ಕಡಿಮೆ. ರೈಫಲ್ ಕ್ಲಬ್ಬಿಗೆ ಸೇರಿ .22 ಕೊಳ್ಳಬೇಕೆಂದಿರುವ ಮಂಗಳೂರಿನವರಿಗೂ, ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಅಂಗಡಿಯಲ್ಲಿ ಇಂಥದ್ದೊಂದನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿರುವ ನಮ್ಮ ಊರಿನವರಿಗೂ ಉಪಯೋಗವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ. ಕಂಪನಿಯ ಹೆಸರು, ತೂಕ, ಅಂದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಟ್ರಿಗರ್ ಒತ್ತಿದಾಗಲೆಲ್ಲ ಅದು ಕೆಲಸ ಮಾಡುತ್ತದೆಯೇ? ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಗುಂಡು ಹಾರಿಸುವ ರೇಂಜಿನಲ್ಲಿ ಮಾತ್ರ ಸಿಗುತ್ತದೆ.

ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಇಲ್ಲಿನವರ ಆಯ್ಕೆಯ ಅರ್ಧ ಭಾಗ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕಾಗಿ ಬಳಸುವ .22 ರೈಫಲ್ ಅನ್ನು ಹೆಸರಿಸಿಯೇ ಹೇಳುತ್ತದೆ, ಆದ್ದರಿಂದ ನಮ್ಮಲ್ಲಿ .22ರ ನೇರ ದಾರಿ ಕ್ಲಬ್ಬಿನ ಸದಸ್ಯತ್ವವೇ. ತೋಟದ ಕೋವಿಯ ಪರವಾನಗಿ ಇದ್ದವರು ಅದೇ ಕಾಗದದ ಮೇಲೆ ರೈಫಲ್ ತರಬಹುದೆಂದು ಭಾವಿಸಬಾರದು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಪರವಾನಗಿಯ ಅವಧಿ ಐದು ವರ್ಷ. ಮಂಗಳೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಉಳಿದವರು ಆಯಾ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ವಿದೇಶಿ ರೈಫಲ್ ಆಮದು ಮಾಡಿಕೊಳ್ಳುವುದು ಹೆಸರಾಂತ ಕ್ರೀಡಾಪಟುಗಳನ್ನು ಬಿಟ್ಟರೆ ಉಳಿದವರಿಗೆ ಮುಚ್ಚಿದ ಬಾಗಿಲೆಂದೇ ಹೇಳಬೇಕು. ಇನ್ನು, ಕಾಡಿನಲ್ಲಿ ಸಿಕ್ಕಿಬಿದ್ದವನು ಮೊಲ ಹೊಡೆದು ಬದುಕುವ ಕಲ್ಪನೆಯ ಮೇಲೆ ಹುಟ್ಟಿದ ರೈಫಲ್ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಾಡಿನಲ್ಲಿ ಆ ಬಳಕೆಗೆ ಎಡೆಯಿಲ್ಲ. ಇಲ್ಲಿ ಅದು ಗುರಿ ಹೊಡೆಯುವ ಸಾಧನ ಮಾತ್ರ.

ಆಯ್ಕೆಗಳು

ಈ ಬಗೆಯ ರೈಫಲ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಎಆರ್-7. ಯೂಜಿನ್ ಸ್ಟೋನರ್ ಆರ್ಮಲೈಟ್ ಕಂಪನಿಗಾಗಿ ರೂಪಿಸಿದ ಈ ರೈಫಲ್ ಕೈಯಿಂದ ಕೈಗೆ ದಾಟಿ ಈಗ ಹೆನ್ರಿ ಕಂಪನಿಯಲ್ಲಿ ತಯಾರಾಗುತ್ತಿದೆ. ಬ್ಯಾರೆಲ್, ರಿಸೀವರ್ (ಟ್ರಿಗರ್ ಇರುವ ನಡುಭಾಗ), ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಮೂರೂ ಭುಜಕ್ಕೆ ಒರಗಿಸುವ ಪ್ಲಾಸ್ಟಿಕ್ ಹಿಡಿಯ ಒಳಗೆ ಅಡಗುತ್ತವೆ. ಮಡಚಿಟ್ಟಾಗ ಉದ್ದ ಸುಮಾರು 42 ಸೆಂಟಿಮೀಟರ್, ಜೋಡಿಸಿದಾಗ 89, ತೂಕ ಸುಮಾರು 1.6 ಕಿಲೋ. ನೀರಿಗೆ ಬಿದ್ದರೆ ತೇಲುತ್ತದೆ. ಮ್ಯಾಗಜಿನ್‌ಗೆ ಎಂಟು ತೋಟೆ.

ಎರಡನೆಯದು ರೂಗರ್ 10/22 ಟೇಕ್‌ಡೌನ್. ಮೂಲ 10/22 ಬಂದದ್ದು 1964ರಲ್ಲಿ, ಎರಡು ತುಂಡಾಗಿ ಬಿಚ್ಚುವ ಮಾದರಿ 2012ರಲ್ಲಿ. ತೂಕ ಎರಡು ಕಿಲೋ ದಾಟುತ್ತದೆ, ಬಿಚ್ಚಿದಾಗಲೂ ಎಆರ್-7ಕ್ಕಿಂತ ದೊಡ್ಡ ಚೀಲ ಬೇಕು. ಹತ್ತು ತೋಟೆಯ ದುಂಡು ಮ್ಯಾಗಜಿನ್ ಇದರ ದೊಡ್ಡ ಬಲ. ಅದರಲ್ಲಿ ತೋಟೆಗಳು ಒಂದರ ಮೇಲೊಂದು ಕೂರುವುದಿಲ್ಲ, ಚಕ್ರದ ಒಂದೊಂದು ಮನೆಯಲ್ಲಿ ಕೂತು ತಿರುಗುತ್ತವೆ.

ಮೂರನೆಯದು ಕಿಯಪ್ಪ ಲಿಟಲ್ ಬ್ಯಾಡ್ಜರ್‌ನಂಥ ಒಂದೇ ಗುಂಡಿನ ಮಡಚುವ ರೈಫಲ್: 1.3 ಕಿಲೋ, ತಂತಿಯ ಹಿಡಿ, ಒಂದು ಬಾರಿಗೆ ಒಂದೇ ತೋಟೆ. ಕೆನ್ನೆಗೆ ಒರಗಿಸಿ ಗುರಿ ಹಿಡಿಯಲು ಇದರಷ್ಟು ಅಹಿತವಾದದ್ದು ಮತ್ತೊಂದಿಲ್ಲ. ಕೆಡುವ ಭಾಗಗಳು ಇದರಷ್ಟು ಕಡಿಮೆ ಇರುವುದೂ ಮತ್ತೊಂದಿಲ್ಲ.

ನಾಲ್ಕನೆಯದು ಪುಟ್ಟದೂ ಅಲ್ಲ, ಮಡಚುವಂಥದ್ದೂ ಅಲ್ಲ. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯ .22 ಬೋಲ್ಟ್ ರೈಫಲ್ (ಬ್ಯಾರೆಲ್‌ನ ಹಿಂಬದಿ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವಂಥದ್ದು) ನಮ್ಮ ದೇಶದ ಪರವಾನಗಿದಾರನಿಗೆ ನಿಜವಾಗಿ ಸಿಗಬಹುದಾದ ಆಯ್ಕೆ ಎಂಬ ಕಾರಣಕ್ಕೆ ಪಟ್ಟಿಯಲ್ಲಿದೆ. 2021ರಲ್ಲಿ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಈ ಕಾರ್ಖಾನೆ ಅಂಥ ಒಂದು ಸರಕಾರಿ ಕಂಪನಿಯ ಅಡಿಯಲ್ಲಿದೆ.

ಪರವಾನಗಿಯ ಗೊಡವೆಯೇ ಬೇಡ ಎನ್ನುವವರಿಗೆ ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲ್ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪುಟ್ಟ ರೈಫಲ್ ಏಕೆ ಮುನಿಸಿಕೊಳ್ಳುತ್ತದೆ

.22 ಎಲ್‌ಆರ್ (ಲಾಂಗ್ ರೈಫಲ್) ಎಂಬ, ಈ ರೈಫಲ್‌ಗಳಲ್ಲಿ ಬಳಸುವ ತೋಟೆ 1887ರಷ್ಟು ಹಳೆಯದು. ಇದರಲ್ಲಿ ಸಿಡಿಯುವ ಮಸಾಲೆ ತೋಟೆಯ ತಳದ ನಡುವೆ ಇರುವುದಿಲ್ಲ, ಅಂಚಿನ ಮಡಿಕೆಯ ಒಳಗೆ ಸುತ್ತ ಹರಡಿರುತ್ತದೆ. ಕಾರ್ಖಾನೆಯಲ್ಲಿ ಅದು ಎಲ್ಲ ಕಡೆ ಸಮನಾಗಿ ಹರಡದೆ ಹೋದರೆ ತೋಟೆಗೆ ಬಡಿಯುವ ಸೂಜಿ ಬಿದ್ದ ಜಾಗದಲ್ಲಿ ಮಸಾಲೆಯೇ ಇರುವುದಿಲ್ಲ. ಗುಂಡಿನ ಸೀಸ ತಾಮ್ರದ ಹೊದಿಕೆಯಿಲ್ಲದೆ ಮೇಣ ಸವರಿಕೊಂಡು ಹೊರಗೇ ಕಾಣುವಂತಿರುವುದು ಸಾಮಾನ್ಯ, ಆದ್ದರಿಂದ ದೂಳನ್ನೂ ತೇವವನ್ನೂ ಹಿಡಿದುಕೊಳ್ಳುತ್ತದೆ. ಇದಿಷ್ಟು ತೋಟೆಯ ಕಡೆಯಿಂದ ಬರುವ ತೊಂದರೆ, ಯಾವ ರೈಫಲ್‌ಗೂ ಇದರಿಂದ ವಿನಾಯಿತಿ ಇಲ್ಲ.

ರೈಫಲ್‌ನ ಕಡೆಯಿಂದ ಬರುವ ತೊಂದರೆ ತಾನೇ ತೋಟೆ ತುಂಬಿಕೊಳ್ಳುವ ಮಾದರಿಗಳದ್ದು. ಎಆರ್-7 ಮತ್ತು 10/22 ಎರಡರಲ್ಲೂ ಬೋಲ್ಟ್ ಎಲ್ಲಿಗೂ ಬಿಗಿಯಾಗಿ ಸಿಕ್ಕಿಸಿರುವುದಿಲ್ಲ. ಅದರ ಭಾರ ಮತ್ತು ಸ್ಪ್ರಿಂಗ್‌ನ ಒತ್ತಡ ಮಾತ್ರ ಅದನ್ನು ಮುಚ್ಚಿ ಹಿಡಿದಿರುತ್ತವೆ. ಗುಂಡು ಹಾರಿದಾಗ ಖಾಲಿ ತೋಟೆ ಹಿಂದಕ್ಕೆ ಒದ್ದು ಬೋಲ್ಟನ್ನು ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಹೊಸ ತೋಟೆ ಒಳಗೆ ಹೋಗುತ್ತದೆ. .22ರ ಶಕ್ತಿಯೇ ಕಡಿಮೆ, ಆ ಅಲ್ಪ ಶಕ್ತಿಯಲ್ಲಿ ಇಷ್ಟು ಕೆಲಸ ಆಗಬೇಕು. ಮಸಿ ಕಟ್ಟಿದರೆ, ಎಣ್ಣೆ ಗಟ್ಟಿಯಾದರೆ, ತೋಟೆ ಸ್ವಲ್ಪ ದುರ್ಬಲವಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. 40 ಗ್ರೇನ್ (2.6 ಗ್ರಾಂ) ಗುಂಡಿನ ಸಾಮಾನ್ಯ ವೇಗದ ತೋಟೆ ಸೆಕೆಂಡಿಗೆ ಸುಮಾರು 325 ಮೀಟರ್, ಹೆಚ್ಚು ವೇಗದ್ದು ಸುಮಾರು 375 ಮೀಟರ್. ಪಂದ್ಯದವರು ನಿಖರತೆಗಾಗಿ ಮೊದಲನೆಯದನ್ನು ಇಷ್ಟಪಡುತ್ತಾರೆ. ಎಆರ್-7ಕ್ಕೆ ಬೇಕಾದದ್ದು ಎರಡನೆಯದು, ಅದರಲ್ಲೂ ದುಂಡು ಮೂತಿಯ ಗುಂಡು. ಚಪ್ಪಟೆ ಮೂತಿಯ, ತಲೆಯಲ್ಲಿ ಕುಳಿಯಿರುವ ಗುಂಡು ಒಳಗೆ ಹೋಗುವಾಗ ಅಂಚಿಗೆ ತಾಗಿ ನಿಲ್ಲುತ್ತದೆ.

ಬೋಲ್ಟ್ ರೈಫಲ್‌ನಲ್ಲಿ ಈ ಚಿಂತೆಯೇ ಇಲ್ಲ. ಬಾಗಿಲ ಚಿಲಕ ಸರಿಸಿದಂತೆ ಕೈಯಿಂದ ಹಿಂದೆ ಎಳೆದು ಮುಂದೆ ತಳ್ಳುತ್ತೇವೆ. ತೋಟೆ ದುರ್ಬಲವೋ ಬಲವಾದದ್ದೋ, ನಮ್ಮ ಕೈಯ ಬಲ ಒಂದೇ. ಅಮೆರಿಕದ ವಾಯುಪಡೆ ತನ್ನ ವಿಮಾನ ಸಿಬ್ಬಂದಿಗೆಂದು ಆರಿಸಿದ ಮಡಚುವ ಬಂದೂಕುಗಳ ಚರಿತ್ರೆ ಇಲ್ಲಿ ನೆನಪಿಡುವಂಥದ್ದು. ಎಂ4 ಎಂಬುದು ಬೋಲ್ಟ್ ರೈಫಲ್, ಎಂ6 ಎಂಬುದು ಮೇಲೊಂದು ಕೆಳಗೊಂದು ನಳಿಗೆಯಿದ್ದು ಕೈಯಿಂದ ನಡುವೆ ಬಗ್ಗಿಸಿ ತೆರೆದು ತುಂಬುವಂಥದ್ದು, ಆರ್ಮಲೈಟ್‌ನ ಎಆರ್-5 ಸಹ ಬೋಲ್ಟ್‌ನದ್ದೇ. ನಿಜವಾಗಿ ಸಿಕ್ಕಿಬೀಳಬಹುದಾದ ಜನರಿಗಾಗಿ ಬಂದೂಕು ಆರಿಸಿದವರು ತಾನೇ ತುಂಬಿಕೊಳ್ಳುವ ಜಾಣತನವನ್ನು ಬೇಡವೆಂದರು. ಅದನ್ನು ಸೇರಿಸಿಕೊಂಡ ಎಆರ್-7 ನಾಗರಿಕರ ಮಾರುಕಟ್ಟೆಗಾಗಿ ಬಂದದ್ದು.

ರೇಂಜಿನಲ್ಲಿ ಪರೀಕ್ಷೆ

ಹೊಸ ರೈಫಲ್ ತೆಗೆದುಕೊಂಡು ಹೋಗಿ ಎರಡು ಮ್ಯಾಗಜಿನ್ ಹಾರಿಸಿ, ‘ಒಂದೂ ಜಾಮ್ ಆಗಲಿಲ್ಲ’ ಎಂದು ತೃಪ್ತರಾಗುವವರೇ ಹೆಚ್ಚು. ಅಷ್ಟರಿಂದ ಏನೂ ತಿಳಿಯುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ: ಒಂದೂ ತಡೆ (ಜಾಮ್ ಅಥವಾ ಗುಂಡು ಹಾರದಿರುವುದು) ಇಲ್ಲದೆ ಹಾರಿದ ಗುಂಡುಗಳ ಸಂಖ್ಯೆಯಿಂದ ಮೂರನ್ನು ಭಾಗಿಸಿದರೆ, ನಿಜವಾದ ತಡೆಯ ಪ್ರಮಾಣ ಅದಕ್ಕಿಂತ ಹೆಚ್ಚಿರಲಾರದೆಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ನೂರು ಗುಂಡು ತಡೆಯಿಲ್ಲದೆ ಹಾರಿದರೂ ನೂರಕ್ಕೆ ಮೂರರವರೆಗೆ ಕೈಕೊಡುವ ಸಾಧ್ಯತೆ ಉಳಿದೇ ಇರುತ್ತದೆ. ನೂರಕ್ಕೆ ಮೂರು ಸಣ್ಣದೆನಿಸಬಹುದು. ಆದರೆ ಎಂಟು ಗುಂಡಿನ ಮ್ಯಾಗಜಿನ್‌ಗೆ ಲೆಕ್ಕ ಹಾಕಿದರೆ ಐದು ಮ್ಯಾಗಜಿನ್‌ಗಳಲ್ಲಿ ಒಂದು ನಡುವೆ ನಿಲ್ಲುತ್ತದೆ ಎಂದೇ ಅರ್ಥ. 300 ಗುಂಡು ತಡೆಯಿಲ್ಲದೆ ಹಾರಿದ ಮೇಲೆ ನೂರಕ್ಕೆ ಒಂದರ ಒಳಗೆ ಎನ್ನುವ ಧೈರ್ಯ ಬರುತ್ತದೆ. ಅದೇ 300ರಲ್ಲಿ ಎರಡು ತಡೆ ಕಂಡರೆ ನೂರಕ್ಕೆ ಎರಡರವರೆಗೆ ಇರಬಹುದೆಂದು ತಿಳಿಯಬೇಕು. ಅಮೆರಿಕದವರಿಗೆ 300 ತೋಟೆ ಒಂದು ಮಧ್ಯಾಹ್ನದ ಕೆಲಸ. ನಮ್ಮಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲಿ ನಮೂದಾಗಿರುವುದರಿಂದ ಈ ಪರೀಕ್ಷೆಯನ್ನು ತಿಂಗಳುಗಳ ಮೇಲೆ ಹಂಚಿ, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತ ಹೋಗಬೇಕು. ನೆನಪಿನ ಮೇಲೆ ಬಿಟ್ಟರೆ ಚೆನ್ನಾಗಿ ಹಾರಿದ ದಿನಗಳು ಮಾತ್ರ ಉಳಿಯುತ್ತವೆ.

ಬರೆಯಬೇಕಾದದ್ದು ಹೆಚ್ಚಿಲ್ಲ: ತೋಟೆಯ ಹೆಸರು ಮತ್ತು ಪೆಟ್ಟಿಗೆಯ ಲಾಟ್ ಸಂಖ್ಯೆ, ಯಾವ ಮ್ಯಾಗಜಿನ್, ಕೊನೆಯ ಬಾರಿ ಸ್ವಚ್ಛಗೊಳಿಸಿದ ಮೇಲೆ ಎಷ್ಟನೆಯ ಗುಂಡು, ಏನಾಯಿತು. ಮ್ಯಾಗಜಿನ್‌ಗಳ ತಳದಲ್ಲಿ 1, 2 ಎಂದು ಪೆಯಿಂಟಿನಿಂದ ಗುರುತು ಹಾಕಿಕೊಳ್ಳುವುದನ್ನು ಮರೆಯಬಾರದು. ತಡೆಗಳೆಲ್ಲ ಒಂದೇ ಮ್ಯಾಗಜಿನ್‌ನಲ್ಲಿ ಆಗುತ್ತಿದ್ದರೆ ರೈಫಲ್ ದೂರುವುದು ಅನ್ಯಾಯ. ಎಆರ್-7ರಲ್ಲಿ ಮ್ಯಾಗಜಿನ್‌ನ ಬಾಯಿಯ ತಗಡು ಕೂದಲೆಳೆಯಷ್ಟು ಬಾಗಿದರೂ ತೋಟೆಯ ಮೂತಿ ಏಳುವ ಕೋನ ಬದಲಾಗುತ್ತದೆ. ಎರಡೂ ಮ್ಯಾಗಜಿನ್‌ಗಳಲ್ಲಿ, ಆದರೆ ಒಂದೇ ಜಾತಿಯ ತೋಟೆಯಲ್ಲಿ ಆಗುತ್ತಿದ್ದರೆ ತೋಟೆ ಬದಲಾಯಿಸಿದರೆ ಸಾಕು. ಯಾವ ತೋಟೆ, ಯಾವ ಮ್ಯಾಗಜಿನ್ ಹಾಕಿದರೂ ಬಿಡದಿದ್ದರೆ ಮಾತ್ರ ರೈಫಲ್ ಬಂದೂಕು ರಿಪೇರಿಯವರ (ಗನ್‌ಸ್ಮಿತ್) ಬಳಿಗೆ ಹೋಗಬೇಕು.

ತಡೆಯಾದ ತೋಟೆಯನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡುವುದು ಈ ಪರೀಕ್ಷೆಯ ಅತ್ಯಂತ ಉಪಯುಕ್ತ ಭಾಗವೆಂದು ನನ್ನ ಭಾವನೆ, ಮತ್ತು ಹೆಚ್ಚಿನವರು ಬಿಡುವುದೂ ಇದನ್ನೇ. ಹಾರದೆ ಉಳಿದ ತೋಟೆಯ ಅಂಚಿನಲ್ಲಿ ಸೂಜಿಯ ಗುರುತು ಆಳವಾಗಿ, ಅಂಚಿನ ತುದಿಯವರೆಗೆ ಚೌಕಾಕಾರವಾಗಿ ಬಿದ್ದಿದ್ದರೆ ರೈಫಲ್ ತನ್ನ ಕೆಲಸ ಮಾಡಿದೆ, ಆ ಜಾಗದಲ್ಲಿ ಮಸಾಲೆ ಇರಲಿಲ್ಲ. ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದಾಗ ಹಾರಿದರೆ ಸಂಶಯವೇ ಉಳಿಯುವುದಿಲ್ಲ. ಗುರುತು ಉಗುರು ತಾಗಿದಷ್ಟು ಮೇಲುಮೇಲೆ ಇದ್ದರೆ ಬೋಲ್ಟ್ ಪೂರ್ತಿ ಮುಚ್ಚಿರಲಿಲ್ಲ, ಇಲ್ಲವೇ ಸ್ಪ್ರಿಂಗ್ ಸೋತಿದೆ, ಇಲ್ಲವೇ ಸೂಜಿಯ ದಾರಿಯಲ್ಲಿ ಗಟ್ಟಿಯಾದ ಎಣ್ಣೆ ಕೂತಿದೆ. ಒಳಗೆ ಹೋಗದೆ ನಿಂತ ತೋಟೆಯ ಸೀಸದ ಮೂತಿಯಲ್ಲಿ ಒಂದು ಪಕ್ಕ ಹೊಳೆಯುವ ಅರ್ಧಚಂದ್ರದ ಗೀರು ಕಂಡರೆ, ಅದು ಯಾವ ಅಂಚಿಗೆ ತಾಗಿ ನಿಂತಿತೆಂಬುದು ಆ ಗೀರಿನ ಜಾಗದಿಂದಲೇ ತಿಳಿಯುತ್ತದೆ; ಬ್ಯಾರೆಲ್‌ನ ಬಾಯಲ್ಲಿ ಅದೇ ಸೀಸದ ಎಳೆ ಅಂಟಿರುತ್ತದೆ. ಖಾಲಿ ತೋಟೆ ಹೊರಗೆ ಬೀಳದೆ ಬೋಲ್ಟ್‌ಗೆ ಸಿಕ್ಕಿ ನೆಟ್ಟಗೆ ನಿಂತು, ಬಾಯಿ ಜಜ್ಜಿಹೋಗಿದ್ದರೆ ಬೋಲ್ಟ್ ನಿಧಾನವಾಗಿ ಹೋಗಿಬರುತ್ತಿದೆ ಎಂದರ್ಥ. ಇನ್ನು ಖಾಲಿ ತೋಟೆ ಒಳಗೇ ಉಳಿದು ಅಂಚಿನಲ್ಲಿ ಅದನ್ನು ಹೊರಗೆಳೆಯುವ ಕೊಕ್ಕೆ ಕಚ್ಚಿ ಕಿತ್ತ ಗಾಯ ಕಂಡರೆ ಚೇಂಬರ್ (ತೋಟೆ ಕೂರುವ ಜಾಗ) ಕೊಳೆಯಾಗಿದೆ, ಇಲ್ಲವೇ ಖಾಲಿ ರೈಫಲ್‌ನ ಟ್ರಿಗರ್ ಪದೇ ಪದೇ ಒತ್ತಿದ್ದರಿಂದ ಸೂಜಿ ಚೇಂಬರ್‌ನ ಅಂಚನ್ನು ಜಜ್ಜಿ ಮುಳ್ಳು ಎಬ್ಬಿಸಿದೆ. ಹಳೆಯ .22 ರೈಫಲ್ ಕೊಳ್ಳುವವರು ಆ ಜಾಗವನ್ನು ಟಾರ್ಚ್ ಹಿಡಿದು ನೋಡಲೇಬೇಕು.

ಸುರಕ್ಷತೆಯ ಎರಡು ಮಾತು ಇಲ್ಲಿಗೆ ಸೇರಬೇಕು. ಟ್ರಿಗರ್ ಒತ್ತಿದ ಮೇಲೆ ಗುಂಡು ಹಾರದಿದ್ದರೆ ಕೂಡಲೇ ಬೋಲ್ಟ್ ತೆರೆಯಬಾರದು; ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ಏಕೆಂದರೆ ತಡವಾಗಿ ಹಾರುವ ತೋಟೆಗಳೂ ಇವೆ. ಸದ್ದು ಎಂದಿನಂತಿಲ್ಲದೆ ಮೆತ್ತಗೆ ‘ಠುಸ್’ ಎಂದರೆ ಗುಂಡು ಬ್ಯಾರೆಲ್‌ನೊಳಗೇ ನಿಂತಿರಬಹುದು. ರೇಂಜ್ ಅಧಿಕಾರಿಗೆ ತಿಳಿಸಿ, ರೈಫಲ್ ಖಾಲಿ ಮಾಡಿ, ಬ್ಯಾರೆಲ್‌ಗೆ ಸರಳು ಹಾಕಿ ನೋಡದೆ ಮುಂದಿನ ಗುಂಡು ಹಾರಿಸಬಾರದು. ಜಾಮ್ ಬಿಡಿಸುವ ಗಡಿಬಿಡಿಯಲ್ಲಿ ರೈಫಲ್ ಪಕ್ಕಕ್ಕೆ ತಿರುಗಿಸುವುದು ಎಲ್ಲ ರೇಂಜ್‌ಗಳಲ್ಲೂ ಕಾಣುವ ಅಭ್ಯಾಸ. ಪದೇ ಪದೇ ಜಾಮ್ ಆಗುವ ರೈಫಲ್ ಅಪಾಯಕಾರಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಬಿಚ್ಚಿ ಜೋಡಿಸುವ ಮಾದರಿಗಳಿಗೆ ಇನ್ನೊಂದು ಪರೀಕ್ಷೆ ಬೇಕು. 25 ಮೀಟರ್‌ನಲ್ಲಿ ಮರಳಿನ ಚೀಲದ ಮೇಲೆ ಇಟ್ಟು ಐದು ಗುಂಡು ಹಾರಿಸಿ, ರೈಫಲ್ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಅದೇ ಕಾಗದದ ಮೇಲೆ ಇನ್ನೈದು ಹಾರಿಸಬೇಕು. ಎರಡು ಗುಂಪುಗಳ ನಡುಬಿಂದು ಎಷ್ಟು ಸರಿದಿದೆ ಎಂಬುದೇ ಉತ್ತರ. ಎಆರ್-7ರಲ್ಲಿ ಗುರಿ ನೋಡುವ ಹಿಂದಿನ ತೂತು ರಿಸೀವರ್ ಮೇಲೆ, ಮುಂದಿನ ಗುರಿಕಡ್ಡಿ ಬ್ಯಾರೆಲ್ ಮೇಲೆ ಇದೆ; ಬ್ಯಾರೆಲ್ ಕೂರುವುದು ಬದಲಾದರೆ ಎರಡರ ಹೊಂದಿಕೆಯೇ ಬದಲಾಗುತ್ತದೆ. ಬ್ಯಾರೆಲ್ ಹಿಡಿದಿರುವ ನಟ್ ಹಾರಿಸುತ್ತ ಹಾರಿಸುತ್ತ ಸಡಿಲವಾಗುವುದೂ ಉಂಟು, ಮ್ಯಾಗಜಿನ್ ಬದಲಾಯಿಸಿದಾಗೆಲ್ಲ ಕೈಯಿಂದ ಬಿಗಿಮಾಡಿ ನೋಡುವುದು ಲೇಸು. 10/22 ಟೇಕ್‌ಡೌನ್‌ನಲ್ಲಿ ಗುರಿ ಹಿಡಿಯುವ ಹಿಂದಿನ, ಮುಂದಿನ ಎರಡೂ ಗುರುತುಗಳು ಬ್ಯಾರೆಲ್ ಮೇಲೆಯೇ ಇರುವುದರಿಂದ ಬಿಚ್ಚಿ ಜೋಡಿಸಿದರೂ ಅವುಗಳ ಹೊಂದಿಕೆ ಕೆಡುವುದಿಲ್ಲ, ಆದರೆ ರಿಸೀವರ್ ಮೇಲೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕೂರಿಸಿದವರಿಗೆ ಈ ಅನುಕೂಲವಿಲ್ಲ. ಸ್ಕೋಪ್ ಇಲ್ಲದೆ ಟೇಕ್‌ಡೌನ್ ಏನು ಪ್ರಯೋಜನ ಎನ್ನುವವರು ಈ ವಿಷಯವನ್ನು ಮೊದಲು ಯೋಚಿಸಲಿ.

ಕರಾವಳಿಯ ಗಾಳಿ

ವಿದೇಶದ ಪರೀಕ್ಷೆಗಳು ನಮಗೆ ಪೂರ್ತಿ ಅನ್ವಯಿಸದಿರುವುದು ಇಲ್ಲಿ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಗೋಡೆ, ಪಣಂಬೂರು, ಸುರತ್ಕಲ್, ಮಲ್ಪೆಯ ಬದಿಯ ಮನೆಗಳಲ್ಲಿ ಉಪ್ಪಿನ ಗಾಳಿ. ಆಷಾಢದಲ್ಲಿ ಬೆವರಿದ ಕೈಯಿಂದ ಮುಟ್ಟಿ ಒರೆಸದೆ ಇಟ್ಟ ಬೋಲ್ಟ್ ಮೇಲೆ ಬೆರಳಿನ ಗೆರೆಗಳ ಆಕಾರದಲ್ಲಿಯೇ ಕೆಂಪು ತುಕ್ಕು ಮೂಡುತ್ತದೆ. ಸ್ಪಂಜು ಹಾಸಿದ ಚೆಂದದ ಪೆಟ್ಟಿಗೆ ಇಲ್ಲಿ ಶತ್ರು, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಎಆರ್-7ರ ಹಿಡಿಯೊಳಗೆ ಒದ್ದೆ ಭಾಗಗಳನ್ನು ತುರುಕಿ ಮುಚ್ಚಳ ಹಾಕುವುದೂ ಅಷ್ಟೇ ಕೆಟ್ಟದ್ದು. ನೀರು ಒಳಗೆ ಬಾರದಂತೆ ಮಾಡಿದ ಮುಚ್ಚಳ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

ಆದ್ದರಿಂದ 300ರಲ್ಲಿ ಮೂರನೆಯ ಒಂದು ಭಾಗವನ್ನು ಮಳೆಗಾಲಕ್ಕೆ ಮೀಸಲಿಡಬೇಕು. ರೈಫಲ್ ಮನೆಯಲ್ಲಿ ಎಂದಿನ ಜಾಗದಲ್ಲಿ ಒಂದೆರಡು ವಾರ ಇದ್ದ ನಂತರ, ಬ್ಯಾರೆಲ್‌ನೊಳಗೆ ಏನೂ ಅಡ್ಡವಿಲ್ಲವೆಂದು ನೋಡಿಕೊಂಡು, ಹೊಸದಾಗಿ ಎಣ್ಣೆ ಹಾಕದೆ ಹಾರಿಸಿ ನೋಡಬೇಕು. ಹಾಗೆ ಮಾಡಿದಾಗ ಬೋಲ್ಟ್ ರೈಫಲ್‌ಗೂ ತಾನೇ ತುಂಬಿಕೊಳ್ಳುವ ರೈಫಲ್‌ಗೂ ಇರುವ ಅಂತರ ಎದ್ದು ಕಾಣುತ್ತದೆ. ಎಣ್ಣೆಯ ವಿಷಯದಲ್ಲಿ ಒಂದು ಮಾತು: ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಸವರುವ ರೂಢಿ ಬಿಡಬೇಕು. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಬುಡದ ಊರುಗಳಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗಾಗಿರುವುದನ್ನು ಎಲ್ಲರೂ ಕಂಡಿದ್ದಾರೆ, ಸೂಜಿಯ ದಾರಿಯಲ್ಲೂ ಅದೇ ಆಗುತ್ತದೆ. ತೆಳುವಾದ ಖನಿಜ ಎಣ್ಣೆ ಸಾಕು, ಅದೂ ತೋಟೆಗೆ ತಾಗದಂತೆ. ತೋಟೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಹಾಗಾದರೆ ಯಾವುದು?

ಅಮೆರಿಕದಲ್ಲಿರುವವರಿಗೆ ನನ್ನ ಉತ್ತರ 10/22 ಟೇಕ್‌ಡೌನ್. ಅರ್ಧ ಕಿಲೋ ತೂಕ ಹೆಚ್ಚಾದರೂ ಮ್ಯಾಗಜಿನ್ ಉತ್ತಮ, ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ತೋಟೆಯ ವಿಷಯದಲ್ಲಿ ಹಟ ಕಡಿಮೆ. ದೋಣಿಯಲ್ಲಿ ಹೋಗುವವರಿಗೆ, ತೇಲುವ ಗುಣ ನಿಜವಾಗಿ ಬೇಕಾದವರಿಗೆ ಎಆರ್-7 ಸರಿ, ಅದಕ್ಕೆ ಒಗ್ಗುವ ಒಂದು ತೋಟೆಯನ್ನು ಪರೀಕ್ಷೆಯಿಂದ ಕಂಡುಕೊಂಡು ಅದನ್ನೇ ಹಿಡಿದುಕೊಳ್ಳುವ ಶಿಸ್ತು ಇದ್ದರೆ. ಒಂದೇ ಗುಂಡಿನ ಮಡಚುವ ರೈಫಲ್ ಕೊಳ್ಳುವವರು ಅದರ ಹಿಡಿಯನ್ನು ಒಮ್ಮೆ ಕೆನ್ನೆಗೆ ಒತ್ತಿ ನೋಡಿ ಆಮೇಲೆ ಹಣ ಕೊಡಲಿ.

ಮಂಗಳೂರು, ಉಡುಪಿಯ ಕ್ಲಬ್ ಸದಸ್ಯರು ಬೋಲ್ಟ್ .22 ಬಿಟ್ಟು ಬೇರೆ ನೋಡಬೇಕಾಗಿಲ್ಲ. ಉದ್ದವಿದೆ, ಭಾರವಿದೆ, ಚೀಲದಲ್ಲಿ ಮಡಚಿಡಲು ಬರುವುದಿಲ್ಲ. ಆದರೆ ಪಂದ್ಯಕ್ಕೆ ಹೋಗುವವರು ಕಲಿಯಬೇಕಾದದ್ದೂ ಇದರ ಮೇಲೆಯೇ. 50 ಮೀಟರ್ ಸ್ಪರ್ಧೆಗಳಲ್ಲಿ ಒಂದೊಂದೇ ತೋಟೆ ಕೈಯಿಂದ ತುಂಬುವ .22 ಬಳಸುತ್ತಾರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ತ್ರಿಭಂಗಿ ವಿಭಾಗದಲ್ಲಿ.

ಪರವಾನಗಿ ಬೇಡವೆನ್ನುವವರಿಗೆ .177 ಇಂಚಿನ (4.5 ಮಿ.ಮೀ.) ಏರ್ ರೈಫಲ್, ಮೂತಿಯಲ್ಲಿ ಶಕ್ತಿ 20 ಜೂಲ್ ಮೀರದಂಥದ್ದು. ಅಂಗಡಿಯವರು ಸೆಕೆಂಡಿಗೆ 1,000 ಅಡಿ ವೇಗವೆಂದು ಹೇಳುವುದನ್ನು ಲೆಕ್ಕ ಹಾಕಿಯೇ ನೋಡಬೇಕು. ಸಾಮಾನ್ಯವಾದ 0.52 ಗ್ರಾಂ ಪೆಲೆಟ್ (ಸೀಸದ ಪುಟ್ಟ ಗುಂಡು) ಸೆಕೆಂಡಿಗೆ 277 ಮೀಟರ್ ವೇಗದಲ್ಲಿಯೇ 20 ಜೂಲ್ ಮುಟ್ಟುತ್ತದೆ. 1,000 ಅಡಿ ಎಂದರೆ 305 ಮೀಟರ್, ಅಂದರೆ 24 ಜೂಲ್. ಆ ಪೆಲೆಟ್‌ನಲ್ಲಿ ಆ ವೇಗ ನಿಜವಾದರೆ ಪರವಾನಗಿ ಬೇಕು. ಹಗುರ ಪೆಲೆಟ್ ಹಾಕಿ ಅಳೆದ ಸಂಖ್ಯೆಯಾದರೆ ಅದು ನಿಮ್ಮ ಬಳಕೆಗೆ ಸಂಬಂಧಿಸಿದ್ದಲ್ಲ. ಸ್ಪ್ರಿಂಗ್ ಏರ್ ರೈಫಲ್ ಜಾಮ್ ಆಗುವುದು ಅಪರೂಪ, ಹಾಗಾಗಿ ಅದರ ಪರೀಕ್ಷೆ ತಡೆಗಳನ್ನು ಎಣಿಸುವುದಲ್ಲ: ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹತ್ತು ಪೆಲೆಟ್ ಹಾರಿಸಿ ವೇಗದ ಏರಿಳಿತ ನೋಡಿ, ಆರು ತಿಂಗಳ ನಂತರ ಅದೇ ಪೆಲೆಟ್‌ನಲ್ಲಿ ಮತ್ತೆ ನೋಡಬೇಕು. ವೇಗ ಇಳಿದಿದ್ದರೆ ಸೀಲ್ ಅಥವಾ ಸ್ಪ್ರಿಂಗ್ ಸೋತಿದೆ.

ಬಂದೂಕು ಯಾವುದೇ ಇರಲಿ, ಚುನಾವಣೆಗೆಂದು ಠಾಣೆಯಲ್ಲಿಟ್ಟು ವಾರಗಳ ನಂತರ ಮನೆಗೆ ತಂದಾಗ ಹಳೆಯ ಲೆಕ್ಕವನ್ನು ನಂಬಬಾರದು. ಒಪ್ಪಿಸುವ ಮೊದಲು ಬ್ಯಾರೆಲ್‌ಗೆ ಒಳಗೂ ಹೊರಗೂ ಎಣ್ಣೆ ಸವರಿ, ತುಕ್ಕಿನ ಕಲೆಗಳಿದ್ದರೆ ಫೋಟೋ ತೆಗೆದಿಟ್ಟುಕೊಂಡು, ಮರಳಿ ಪಡೆದ ದಿನವೇ ಸರಳಿಗೆ ಬಟ್ಟೆ ಸುತ್ತಿ ಒಳಗೆ ಎಳೆದು ನೋಡಿ. ನಂತರ ನೋಟ್‌ಪುಸ್ತಕದಲ್ಲಿ ಹೊಸ ಪುಟ ತೆಗೆದು ಮೊದಲ 50 ಗುಂಡುಗಳನ್ನು ಹೊಸ ರೈಫಲ್‌ನಂತೆಯೇ ಬರೆದುಕೊಳ್ಳಿ.